ದೂಮಣ್ಣನ ತಾಯಿಬೇರು ಯಂತ್ರ

"ಲೋಲು, ಈ ಚಮಚಕ್ಕೆ ಒಂಚೂರು ಉಗಿ" ಎಂದು ನನ್ನ ಅಣ್ಣ ದೂಮಣ್ಣ ಒಂದು ಸ್ಟೀಲು ಚಮಚವನ್ನು ನನ್ನ ಮೂತಿಗೆ ಹಿಡಿದ.

ನಾನು ಮೀನು ಕೊಯ್ಯುತ್ತಿದ್ದೆ. ಎದುರಿಗೇ ಕತ್ತಿ ಇತ್ತು. ಹಾಗಿದ್ದೂ ಬೆಳ್ಳಂಬೆಳಗ್ಗೆ ಒಡಹುಟ್ಟಿದ ತಂಗಿಗೆ ಹೀಗೆ ಹೇಳುವ ಧೈರ್ಯ ಇಡೀ ಮುಲ್ಕಿಯಲ್ಲಿ ಇರುವುದು ಅವನೊಬ್ಬನಿಗೇ.

"ಎಂತಕ್ಕೆ?"

"ವಿಜ್ಞಾನಕ್ಕೆ!"

ದೂಮಣ್ಣ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಅಂದಿನಿಂದ ನಮಗೆ ವಿಶ್ರಾಂತಿ ಇಲ್ಲ. ಅವನ ಹಿಂದಿನ ಯಂತ್ರ ಮೀನಿನ ಮುಳ್ಳು ತೆಗೆಯುವಂಥದ್ದು. ಅದು ಮುಳ್ಳನ್ನು ತನ್ನಲ್ಲೇ ಇಟ್ಟುಕೊಂಡು ಮೀನನ್ನು ಪಕ್ಕದ ಮನೆಯ ಅಂಗಳಕ್ಕೆ ಎಸೆಯುತ್ತಿತ್ತು. ಪಕ್ಕದ ಮನೆಯವರು ಈಗಲೂ ಆ ಯಂತ್ರವನ್ನು ಬಹಳ ಹೊಗಳುತ್ತಾರೆ.

ಹೊಸ ಯಂತ್ರ ನನ್ನ ಒಳ್ಳೆಯ ಬೆಡ್‌ಶೀಟು ಹೊದ್ದುಕೊಂಡು ಅಂಗಳದಲ್ಲಿ ನಿಂತಿತ್ತು. ಶೀಟು ಎಳೆದರೆ ಒಳಗೆ ನನ್ನ ಹಳೇ ಗ್ರೈಂಡರು! ಅದರ ಮೇಲೆ ಒಂದು ಧ್ವನಿವರ್ಧಕದ ಕಹಳೆ, ಹೊಟ್ಟೆಯಲ್ಲಿ ಕಾರಿನ ಬ್ಯಾಟರಿ, ಎದುರಿಗೆ ಫ್ಯಾನಿನ ರೆಗ್ಯುಲೇಟರು. ನಮ್ಮ ಚಾವಡಿಯ ಫ್ಯಾನು ಯಾಕೆ ಒಂದೇ ವೇಗದಲ್ಲಿ ತಿರುಗುತ್ತಿದೆ ಎಂದು ಆಗ ತಿಳಿಯಿತು.

"ನೋಡು" ಎಂದ ದೂಮಣ್ಣ, ಹುಡುಗರಿಗೆ ಪಾಠ ಮಾಡುವ ಧಾಟಿಯಲ್ಲಿ. "ನಮ್ಮ ಮೈಯ ಕಣಕಣದಲ್ಲಿ ಡಿಎನ್‌ಎಯ ಒಂದು ಎಳೆ ಉಂಟು. ಅದು ತಾಯಿಯಿಂದ ಮಾತ್ರ ಬರುದು. ತಾಯಿಗೆ ಅವಳ ತಾಯಿಯಿಂದ, ಅವಳಿಗೆ ಅವಳ ತಾಯಿಯಿಂದ. ಅಪ್ಪಂದಿರಿಗೆ ಅಲ್ಲಿ ಕೆಲಸವೇ ಇಲ್ಲ. ನಮ್ಮ ಬರಿ ಇದ್ದ ಹಾಗೆಯೇ!"

ನಮ್ಮ ತುಳುನಾಡಿನಲ್ಲಿ ಬರಿ ಎಂದರೆ ತಾಯಿಯ ಕಡೆಯಿಂದ ಬರುವ ವಂಶ. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ಸಂಬಂಧ ಕೇಳಲು ಬಂದವರು ಹುಡುಗಿಯ ಹೆಸರು ಕೇಳುವ ಮೊದಲು ಬರಿ ಕೇಳುತ್ತಾರೆ.

"ನಮ್ಮ ಎಳೆ ಸಾಧಾರಣದ್ದಲ್ಲ ಮಾರಾಯ್ತಿ. ಭಾರೀ ಅಪರೂಪದ್ದು! ನಮ್ಮ ಮೂಲದ ಅಜ್ಜಿ ಆಫ್ರಿಕಾದಿಂದ ಹೊರಟು, ಕಡಲ ಕರೆಯಲ್ಲೇ, ದಡ ಹಿಡಿದು ನಡೆದು, ಅರಬರ ತೀರ ದಾಟಿ, ಗುಜರಾತು ದಾಟಿ ಮುಲ್ಕಿಗೆ ಬಂದದ್ದು!"

"ಅಷ್ಟು ದೂರ ಎಂತ ತಿಂದುಕೊಂಡು ಬಂದಳು?"

"ಮರುವಾಯಿ. ಚಿಪ್ಪು ಒಡೆದು ತಿನ್ನುತ್ತಾ ಬಂದದ್ದು."

"ಮಸಾಲೆ ಇಲ್ಲದೆ?"

ದೂಮಣ್ಣ ಚಮಚವನ್ನು ಮತ್ತೆ ನನ್ನ ಮೂತಿಗೆ ಹಿಡಿದ. ಅಮ್ಮನಿಗೆ ನಾನೊಬ್ಬಳೇ ಮಗಳು, ನನಗೆ ಧನ್ಯಾ ಒಬ್ಬಳೇ ಮಗಳು, ಆದ್ದರಿಂದ ಆಫ್ರಿಕಾದಿಂದ ನಡೆದುಕೊಂಡು ಬಂದ ಎಳೆ ಈಗ ಧನ್ಯಾಳ ಮದುವೆಯನ್ನು ನಂಬಿ ಕೂತಿದೆ ಎಂದ. ಅವನ ಕಾಟ ತಪ್ಪಲಿ ಎಂದು ನಾನು ಚಮಚಕ್ಕೆ ಉಗಿದೆ. ಅವನು ಅದನ್ನು ಗ್ರೈಂಡರಿಗೆ ಹಾಕಿ ಗುಂಡಿ ಒತ್ತಿದ. ಕಹಳೆ ಗುಂಯ್ ಎಂದಿತು.

ನಾನು ಸೀನಿದೆ. ಅಡುಗೆಮನೆಯಲ್ಲಿ ಧನ್ಯಾ ಸೀನಿದಳು. ದೂಮಣ್ಣನೂ ಸೀನಿದ.

"ಕಂಡಿಯಾ! ಈ ದನಿಗೆ ಒಂದೇ ತಾಯಿಬೇರಿನವರ ಮೂಗು ಮಾತ್ರ ತುರಿಸುದು!"

ಜಗಲಿಯಲ್ಲಿ ಪೇಪರು ಓದುತ್ತಿದ್ದ ನನ್ನ ಯಜಮಾನರು ಸೀನಲಿಲ್ಲ. "ನಾನು ಈ ಮನೆಯವನಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು" ಎಂದು ಪುಟ ತಿರುಗಿಸಿದರು.

ಮುಂದಿನ ಭಾನುವಾರ ಧನ್ಯಾಳ ನಿಶ್ಚಿತಾರ್ಥ, ನಮ್ಮದೇ ಅಂಗಳದ ಚಪ್ಪರದಲ್ಲಿ. ಹುಡುಗ ಕೀರ್ತನ್, ಮಲ್ಪೆಯಲ್ಲಿ ಬೋಟುಗಳ ಇಂಜಿನು ರಿಪೇರಿ ಮಾಡುವವನು. ಅವರಿಬ್ಬರೂ ಮೊದಲೇ ಮೆಚ್ಚಿಕೊಂಡಿದ್ದರು. ನನಗೆ ಹೇಳಲು ಹೆದರಿ ಧನ್ಯಾ ಎಷ್ಟೋ ಸಮಯ ಒದ್ದಾಡಿದ್ದಳು. ಒಂದೇ ಬರಿ ಆಗಿಬಿಟ್ಟರೆ ಎಂಬ ಹೆದರಿಕೆ ಅವಳಿಗೆ. ಬರಿ ಬೇರೆ ಎಂದು ಗೊತ್ತಾದ ದಿನ ಅವಳಿಗಿಂತ ಹೆಚ್ಚು ಖುಷಿಪಟ್ಟವಳು ನಾನು.

"ಆ ದರಿದ್ರ ಯಂತ್ರ ಚಪ್ಪರದ ಹತ್ತಿರ ಬಂದರೆ ಜಾಗ್ರತೆ!" ಎಂದು ಅಣ್ಣನಿಗೆ ಹೇಳಿದ್ದೆ.

"ಯಂತ್ರ ಇಲ್ಲದಿದ್ರೆ ನಾನೂ ಇಲ್ಲ" ಎಂದ.

ಸೋದರಮಾವ ಇಲ್ಲದೆ ನಮ್ಮಲ್ಲಿ ವೀಳ್ಯ ಬದಲಾಯಿಸಲು ಆಗುವುದಿಲ್ಲ. ಹುಡುಗಿ ಕೊಡುವ ಮಾತು ಅವನ ಬಾಯಿಂದಲೇ ಬರಬೇಕು. ಇದು ನನಗೆ ಗೊತ್ತು, ಅದಕ್ಕಿಂತ ಚೆನ್ನಾಗಿ ಅವನಿಗೆ ಗೊತ್ತು. ಹಾಗಾಗಿ ಬೆಡ್‌ಶೀಟು ಹೊದ್ದ ಗ್ರೈಂಡರು ಚಪ್ಪರದ ಮೂಲೆಯಲ್ಲಿ ಬಂದು ಕೂತಿತು.

ಹುಡುಗನ ಕಡೆಯಿಂದ ಅವನ ತಾಯಿ, ತಾಯಿಯ ಅಣ್ಣ ತನಿಯಪ್ಪಣ್ಣ, ಇವರಿಬ್ಬರನ್ನು ಹೆತ್ತ ಅಪ್ಪಿಯಜ್ಜಿ, ತನಿಯಪ್ಪಣ್ಣನ ಹೆಂಡತಿ ಎಲ್ಲರೂ ಬಂದರು. ಅಪ್ಪಿಯಜ್ಜಿಯ ಗಂಡ ಪಕ್ಕದ ಕುರ್ಚಿಯಲ್ಲಿ ಕೂತು ಆಗಲೇ ತೂಕಡಿಸುತ್ತಿದ್ದರು. ಗೊತ್ತಿದ್ದ ವಿಷಯವೇ ಆದರೂ ಸಭೆಯಲ್ಲಿ ಕೇಳಬೇಕು ಎಂದು ಅಜ್ಜಿ ಕೇಳಿದರು.

"ನಿಮ್ಮದು ಯಾವ ಬರಿ?"

"ಬಂಗೇರ" ಎಂದ ದೂಮಣ್ಣ.

"ನಮ್ಮದು ಸಾಲ್ಯಾನ್" ಎಂದರು ತನಿಯಪ್ಪಣ್ಣ, ಮೀಸೆ ಸವರಿಕೊಂಡು.

ಅಲ್ಲಿಗೆ ಮುಗಿಯಬೇಕಿತ್ತು.

"ಬಾಯಿಮಾತಲ್ಲಿ ಎಂತ ಉಂಟು? ವಿಜ್ಞಾನದಲ್ಲೇ ತೋರಿಸ್ತೇನೆ!" ಎಂದು ದೂಮಣ್ಣ ಬೆಡ್‌ಶೀಟು ಎಳೆದು ಗುಂಡಿ ಒತ್ತಿಬಿಟ್ಟ.

ನಾನು, ಧನ್ಯಾ, ದೂಮಣ್ಣ ಸೀನಿದೆವು. ಆಮೇಲೆ ಕೀರ್ತನ್ ಸೀನಿದ! ಅವನ ತಾಯಿ ಸೀನಿದರು. ತನಿಯಪ್ಪಣ್ಣ ಸೀನಿದರು. ಅಪ್ಪಿಯಜ್ಜಿ ಸೀನಿದ ಹೊಡೆತಕ್ಕೆ ಬಾಯಲ್ಲಿದ್ದ ಎಲೆ ಅಡಿಕೆ ವಿಡಿಯೋದವನ ಅಂಗಿಯ ಮೇಲೆ ಹೋಗಿ ಬಿತ್ತು.

ಹಿತ್ತಲಲ್ಲಿ ಕೋಳಿಸಾರು ಕುದಿಯುವ ಶಬ್ದ ಮಾತ್ರ ಕೇಳುತ್ತಿತ್ತು.

"ಒಂದೇ ಹೊಟ್ಟೆಯವರು!" ಎಂದು ತನಿಯಪ್ಪಣ್ಣ ಎದ್ದು ನಿಂತರು. "ಅಣ್ಣತಂಗಿಗೆ ಮದುವೆ ಮಾಡಿಸ್ಲಿಕ್ಕೆ ಹೊರಟಿದ್ದೀರಾ?"

ದೂಮಣ್ಣ ಓಡಿಹೋಗಿ ಅವರನ್ನು ತಬ್ಬಿಕೊಂಡ. "ತಮ್ಮಾ! ಕಳೆದುಹೋದ ಕೊಂಬೆ ಸಿಕ್ಕಿತು!"

"ಯಾರು ಮಾರಾಯ ನಿನ್ನ ತಮ್ಮ? ಬಿಡು!"

"ಅಗರಬತ್ತಿಯ ಹೊಗೆಗೆ ಸೀನಿದ್ದು ಮಾಮ" ಎಂದ ಕೀರ್ತನ್. ಪಾಪ, ಮುಖ ಬಿಳಿಚಿಕೊಂಡಿತ್ತು.

"ಸಂಶಯ ಉಳಿಯಬಾರದು" ಎಂದು ದೂಮಣ್ಣ ಅಗರಬತ್ತಿಯನ್ನು ಗೇಟಿನ ಆಚೆ ಇಟ್ಟು ಬಂದು ಮತ್ತೆ ಒತ್ತಿದ. ಅದೇ ಏಳು ಜನ ಮತ್ತೆ ಸೀನಿದೆವು. ಅವನ ಜನ್ಮದಲ್ಲಿ ಒಂದು ಯಂತ್ರ ಒಂದೇ ದಿನ ಎರಡು ಸಲ ಸರಿಯಾಗಿ ನಡೆದದ್ದು ಅದೇ ಮೊದಲು. ಅದಕ್ಕೆ ನನ್ನ ಮಗಳ ನಿಶ್ಚಿತಾರ್ಥವೇ ಆಗಬೇಕಿತ್ತು.

ಧನ್ಯಾ ಮುಡಿದಿದ್ದ ಮಲ್ಲಿಗೆಯನ್ನು ತೆಗೆದು ತಟ್ಟೆಯಲ್ಲಿಟ್ಟಳು. ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಅಣ್ಣನ ಎದುರು ಹೋಗಿ ನಿಂತೆ.

"ಇದನ್ನು ಎಷ್ಟರಲ್ಲಿ ಇಟ್ಟಿದ್ದಿ?"

"ಎರಡರಲ್ಲಿ."

"ಮೊನ್ನೆ ಎಷ್ಟರಲ್ಲಿ ಇತ್ತು?"

"ಒಂದರಲ್ಲಿ." ದೂಮಣ್ಣ ತಲೆ ತುರಿಸಿಕೊಂಡ. "ಒಂದರಲ್ಲಿ ಇಟ್ಟರೆ ಮೂರೇ ಜನ ಸೀನುದು. ಇಷ್ಟು ದೊಡ್ಡ ಸಭೆಗೆ ಅದು ಸಾಲ್ದು ಅಂತ..."

"ಎರಡು ಅಂದ್ರೆ ಎಂತ?"

"ನಾಲ್ಕು ಸಾವಿರ ವರ್ಷ ಹಿಂದಿನ ತಾಯಿ."

"ನಾಲ್ಕು ಸಾವಿರ ವರ್ಷದ ಹಿಂದೆ ಬಂಗೇರ ಯಾರು, ಸಾಲ್ಯಾನ್ ಯಾರು? ನಿನ್ನ ಮಂಡೆ ಸರಿ ಉಂಟಾ? ಇಳಿಸು ಕೆಳಗೆ!"

ಇಳಿಸಲು ನೋಡಿದರೆ ರೆಗ್ಯುಲೇಟರು ಕದಲಲಿಲ್ಲ. ಗುಂಡಿಯೂ ಒತ್ತಿದಲ್ಲೇ ಸಿಕ್ಕಿಹಾಕಿಕೊಂಡು ಕಹಳೆ ಗುಂಯ್‌ಗುಟ್ಟುತ್ತಲೇ ಇತ್ತು. ಕೀರ್ತನ್ ತನ್ನ ಬೈಕಿನಿಂದ ಇಕ್ಕುಳ ತಂದು ಹಿಡಿದು ತಿರುಗಿಸಿದ. ಅದು ಟಕ್ ಎಂದು ಮೂರಕ್ಕೆ ಹಾರಿತು.

ಅಡುಗೆಯವರು ಸೀನಿದರು. ವಿಡಿಯೋದವನು ಸೀನಿದ.

"ಇಪ್ಪತ್ತು ಸಾವಿರ" ಎಂದು ದೂಮಣ್ಣ ಪಿಸುಗುಟ್ಟಿದ.

"ಆಚೆ ಬದಿಗೆ ತಿರುಗಿಸು ಮಾರಾಯ!" ಎಂದೆ ನಾನು.

ಆಚೆ ಬದಿಗೆ ತಿರುಗಿಸಿದರೆ ನಾಲ್ಕಾಯಿತು. ಅರ್ಧ ಚಪ್ಪರ ಸೀನಿತು. ರಸ್ತೆಯಲ್ಲಿ ಜನ ಹತ್ತಿಸಲು ನಿಂತಿದ್ದ ಉಡುಪಿ ಬಸ್ಸಿನ ಕಂಡಕ್ಟರು ಬಾಯಲ್ಲಿ ವಿಸಿಲು ಇಟ್ಟುಕೊಂಡೇ ಸೀನಿದ. ಹೊರಡಲು ಹೇಳಿದ್ದು ಎಂದುಕೊಂಡು ಡ್ರೈವರು ಬಸ್ಸು ಬಿಟ್ಟುಕೊಂಡು ಹೋದ. ಹತ್ತಬೇಕಾದವರು ಬೊಬ್ಬೆ ಹಾಕುತ್ತ ಹಿಂದೆ ಓಡಿದರು.

ಕೀರ್ತನಿನ ಇಕ್ಕುಳ ಜಾರಿ ಅದು ಐದಕ್ಕೆ ಹೋಯಿತು.

"ಅಯ್ಯೋ, ಇದು ಎಲ್ಲರ ಮೂಲದ ತಾಯಿ" ಎಂದ ದೂಮಣ್ಣ.

ನನ್ನ ಯಜಮಾನರು ಸೀನಿದರು! ಮೂಗು ಒರೆಸಿಕೊಂಡು ನನ್ನನ್ನು ನಿಧಾನಕ್ಕೆ ನೋಡಿ, "ತಂಗೀ, ಒಂದು ಲೋಟ ನೀರು ಕೊಡು" ಎಂದರು. ಆ ಚಪ್ಪರದಲ್ಲಿ ಸುಖವಾಗಿದ್ದ ಮನುಷ್ಯ ಅವರೊಬ್ಬರೇ.

ತನಿಯಪ್ಪಣ್ಣನ ಹೆಂಡತಿ ಸೀನಿದರು. ಕೊನೆಗೆ ಅಪ್ಪಿಯಜ್ಜಿಯ ಗಂಡ ನಿದ್ದೆಯಿಂದ ಎದ್ದು ಸೀನಿದರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ತನಿಯಾ, ಈ ಸಂಬಂಧ ಆಗ್ಲಿಕ್ಕಿಲ್ಲ ಅಲ್ವಾ?"

"ಒಂದೇ ತಾಯಿ ಅಂತ ಯಂತ್ರವೇ ಹೇಳ್ತಾ ಉಂಟಲ್ಲ ಅಮ್ಮ?"

"ಸರಿ. ಹಾಗಾದ್ರೆ ಇವತ್ತು ಸಂಜೆ ನಿನ್ನ ಹೆಂಡತಿಯನ್ನು ತವರಿಗೆ ಬಿಟ್ಟು ಬಾ. ನಾನು ನಿನ್ನ ಅಪ್ಪನನ್ನು ಬಿಡ್ತೇನೆ. ನೀನು ಹುಟ್ಟಿದ್ದೇ ತಪ್ಪಾಯ್ತು, ಅದಕ್ಕೆ ಎಂತ ಮಾಡುದು ಅಂತ ನೀನೇ ಹೇಳು."

ತನಿಯಪ್ಪಣ್ಣ ಸೀನುತ್ತಲೇ ಕುರ್ಚಿಯಲ್ಲಿ ಕೂತರು.

"ವರ್ಷಕ್ಕೊಮ್ಮೆ ತೀರಿಹೋದವರ ಹೆಸರು ಹೇಳಿ ಎಲೆ ಹಾಕಿ ಬಡಿಸ್ತೇವಲ್ಲ, ಆ ತಾಯಂದಿರು ನಮ್ಮ ಬರಿ" ಎಂದರು ಅಜ್ಜಿ. "ಹೆಸರೇ ಗೊತ್ತಿಲ್ಲದವಳಿಗೆ ಯಾರೂ ಬಡಿಸುದಿಲ್ಲ. ಅವಳ ಲೆಕ್ಕ ಹಿಡಿದು ಈ ಮಕ್ಕಳನ್ನು ಅಳಿಸುದು ಬೇಡ. ಹುಡುಗಿ ಮಲ್ಲಿಗೆ ಮುಡಿಯಲಿ. ವೀಳ್ಯ ತನ್ನಿ!"

ನನಗೆ ಅಳು ತಡೆಯಲಾಗಲಿಲ್ಲ. ಮಲ್ಲಿಗೆ ತೆಗೆದುಕೊಂಡು ನಾನೇ ಮಗಳ ಮುಡಿಗೆ ಸಿಕ್ಕಿಸಿದೆ. ಅವಳು ನನ್ನ ಹೆಗಲ ಮೇಲೆ ಮುಖ ಇಟ್ಟು ನಗುತ್ತಾ ಸೀನಿದಳು.

ಅಷ್ಟರಲ್ಲಿ ರೆಗ್ಯುಲೇಟರಿನ ತಿರುಗಣೆ ಕಳಚಿ ಕೀರ್ತನಿನ ಕೈಗೆ ಬಂತು. ಕಹಳೆಯ ದನಿ ದಪ್ಪವಾಯಿತು.

"ದೂಮಣ್ಣ, ಐದರ ಆಚೆ ಎಂತ ಉಂಟು?" ಎಂದು ನಾನು ಕೇಳಿದೆ.

"ಆಚೆ... ಮನುಷ್ಯರಿಗಿಂತ ಹಿಂದೆ."

ಪಾಗಾರದ ಗೋಡೆಯ ಮೇಲಿದ್ದ ಬೆಕ್ಕು ಸೀನಿತು. ಪಕ್ಕದ ಮನೆಯ ಎಮ್ಮೆ ಸೀನಿದ್ದಕ್ಕೆ ಅವರ ದಾಸವಾಳದ ಬೇಲಿ ಮಲಗಿತು. ಹಿತ್ತಲಿಂದ ಅಡುಗೆಯವರು ಕಿರುಚಿದರು, "ಅಕ್ಕಾ, ಮೂಡೆ ಕಡುಬಿನ ಹಿಟ್ಟು ಪಾತ್ರೆ ಬಿಟ್ಟು ಹೊರಗೆ ಬಂತು!"

"ಬರ್ತದೆ" ಎಂದ ದೂಮಣ್ಣ. ಅವನ ಕಣ್ಣು ಹೊಳೆಯುತ್ತಿತ್ತು. "ಹಿಟ್ಟು ಉಬ್ಬಿಸುವ ಜೀವಕ್ಕೂ ಈ ಎಳೆ ಉಂಟು. ಎಲ್ಲದಕ್ಕೂ ಒಂದೇ ಮೂಲ. ಮರಗಳಿಗೂ..."

ಅವನು ಮಾತು ನಿಲ್ಲಿಸಿ ಮೇಲೆ ನೋಡಿದ. ನಾವೂ ನೋಡಿದೆವು. ಚಪ್ಪರದ ಸುತ್ತ ನಮ್ಮ ತೆಂಗಿನಮರಗಳು ಗಾಳಿಯೇ ಇಲ್ಲದೆ ಹಿಂದಕ್ಕೆ ಬಾಗುತ್ತಿದ್ದವು, ಸೀನು ಬರುವ ಮೊದಲು ಮನುಷ್ಯರು ಬಾಗುವ ಹಾಗೆ.

"ಒಳಗೆ ಓಡಿ!" ಎಂದು ಬೊಬ್ಬೆ ಹಾಕಿದೆ.

ಎಲ್ಲರೂ ಜಗಲಿ ಸೇರಿದ್ದಷ್ಟೇ, ಮರಗಳೆಲ್ಲ ಒಟ್ಟಿಗೆ ಸೀನಿದವು! ಎಳನೀರು, ಕಾಯಿ, ಒಣ ಗರಿ ಯಾವುದನ್ನೂ ಉಳಿಸಿಕೊಳ್ಳಲಿಲ್ಲ. ಚಪ್ಪರ ನೆಲಕ್ಕೆ ಬಂತು. ಒಂದು ಕಾಯಿ ನೇರ ಕಹಳೆಯ ಬಾಯಿಗೆ ಬಿತ್ತು. ಯಂತ್ರ ಕಡೆಯದಾಗಿ ತಾನೇ ಒಮ್ಮೆ ಸೀನಿ ಸುಮ್ಮನಾಯಿತು. ಜಗಲಿಯ ಮೇಲೆ ದೂಮಣ್ಣನೂ ತನಿಯಪ್ಪಣ್ಣನೂ ತಲೆಯ ಮೇಲೆ ಒಂದೊಂದು ಪಾತ್ರೆ ಹಿಡಿದುಕೊಂಡು ವೀಳ್ಯ ಬದಲಾಯಿಸಿದರು.

ಮದುವೆ ಚೆನ್ನಾಗಿ ನಡೆಯಿತು. ಕಾಯಿಗಂತೂ ಬರ ಇರಲಿಲ್ಲ. ಮದುವೆಯ ಹಿಂದಿನ ದಿನ ಹಿತ್ತಲಿಗೆ ಹೋದರೆ ದೂಮಣ್ಣ ತುರಿಮಣೆಯ ಎದುರು ಒಡೆದ ತೆಂಗಿನಕಾಯಿ ಹಿಡಿದುಕೊಂಡು ಸಪ್ಪಗೆ ಕೂತಿದ್ದ.

"ಲೋಲು, ಇದೂ ನಮ್ಮ ತಾಯಿಬೇರಿನದ್ದೇ. ಕೈ ಬರುದಿಲ್ಲ."

"ಅದರ ಅಜ್ಜಿಯ ಹೆಸರು ಗೊತ್ತುಂಟಾ?"

"ಇಲ್ಲ."

"ಹಾಗಾದ್ರೆ ತುರಿ."