ಬಾಗಲಗುಂಟೆ ಹಳ್ಳದ ಮೀನಿನ ಮೆಟ್ಟಿಲು

ಬಾಗಲಗುಂಟೆಯ ಹಿಂಬದಿಯ ಹಳ್ಳದಲ್ಲಿ ಗೆಂಡೆಮೀನುಗಳು ವಾಸವಾಗಿದ್ದವು ಎಂಬುದು ನಿರ್ವಿವಾದ ಸಂಗತಿ. ಹಳ್ಳ ಯಾವ ನಕ್ಷೆಯಲ್ಲೂ ನಮೂದಾಗಿರಲಿಲ್ಲವಾದ್ದರಿಂದ ಯಾರೂ ಅದನ್ನು ಅಭಿವೃದ್ಧಿಪಡಿಸಿರಲಿಲ್ಲ. ಹೀಗಾಗಿ ನೀರು ತಿಳಿಯಾಗಿತ್ತು. ಮೊದಲ ಮಳೆ ಬಿದ್ದೊಡನೆ ಮೀನುಗಳು ಮೊಟ್ಟೆಯಿಡಲು ನೀರಿಗೆ ಎದುರಾಗಿ ಈಜಿ ಮೇಲಿನ ಕುಂಟೆಗೆ ಹತ್ತುತ್ತಿದ್ದವು. ಅದನ್ನು ನೋಡಲು ವಾದಿರಾಜರು ಕೊಡೆ ಹಿಡಿದು ದಡದಲ್ಲಿ ನಿಲ್ಲುತ್ತಿದ್ದರು. ಸರ್ಕಾರಿ ಕಾರ್ಖಾನೆಯಿಂದ ಬಡ್ತಿಯಿಲ್ಲದೆ ನಿವೃತ್ತರಾದ ಅವರು, ಮೇಲೇರುವವರನ್ನು ಹೊಟ್ಟೆಕಿಚ್ಚಿಲ್ಲದೆ ನೋಡುತ್ತಿದ್ದುದು ಅಲ್ಲಿ ಮಾತ್ರ.

ಒಂದು ಬೆಳಿಗ್ಗೆ ಹಳ್ಳದ ಬದಿಯಲ್ಲಿ ಫಲಕ ಕಾಣಿಸಿತು: ‘ಮನಸ್ಸಿಗೆ ಬಂದಂತೆ ಹರಿಯುತ್ತಿರುವ ನೀರಿಗೆ ಶಿಸ್ತು ತರುವ ಸಲುವಾಗಿ ಇಲ್ಲಿ ಅಣೆಕಟ್ಟು ಕಟ್ಟಲಾಗುವುದು. ಸಾರ್ವಜನಿಕರು ಸಹಕರಿಸತಕ್ಕದ್ದು.’

ಹಳ್ಳದ ಪಕ್ಕದಲ್ಲೇ ಹುಟ್ಟಿ ಬೆಳೆದು, ಈಗಲೂ ಅಲ್ಲೇ ಎಮ್ಮೆ ಸಾಕಿಕೊಂಡಿದ್ದ ಈಶ್ವರಮ್ಮ ವಾದಿರಾಜರ ಬಾಗಿಲಿಗೆ ಬಂದರು.

“ಸಾಮಿ, ಅಡ್ಡ ಕಟ್ಬುಟ್ರೆ ಮೀನು ಎಂಗೆ ಅತ್ತವೆ? ಒಟ್ಟೇಲಿ ಮೊಟ್ಟೆ ಇಟ್ಕಂಡು ಎಲ್ಲಿಗೆ ಓಗ್ಬೇಕು? ಬನ್ನಿ, ಕೇಳಾನ.”

ಇಬ್ಬರೂ ಅಣೆಕಟ್ಟು ಕಟ್ಟುವ ಇಲಾಖೆಯ ಕಚೇರಿಗೆ ಹೋದರು. ಇಂಜಿನಿಯರ್ ಚನ್ನವೀರಪ್ಪ ವಿನಯವಂತರು. ಕುರ್ಚಿ ಹಾಕಿಸಿ, ಟೀ ತರಿಸಿ, ಎಲ್ಲವನ್ನೂ ಕೇಳಿಸಿಕೊಂಡರು.

“ನಿಮ್ಮ ವಿರೋಧ ತುಂಬಾ ಚೆನ್ನಾಗಿದೆ ಸಾರ್. ಆದ್ರೆ ಇಲ್ಲದೇ ಇರೋ ಅಣೆಕಟ್ಟನ್ನ ವಿರೋಧಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ.”

“ಕಟ್ಟಿದ ಮೇಲೆ?” ಎಂದರು ವಾದಿರಾಜರು.

“ಧಾರಾಳವಾಗಿ ವಿರೋಧಿಸಿ. ನಿಮಗೋಸ್ಕರ ಕೆಲಸ ಬೇಗ ಮುಗಿಸ್ತೀವಿ.”

ನಿಯಮವೆಂದರೆ ತಲೆಬಾಗುವ ವಾದಿರಾಜರು ಒಪ್ಪಿದರು. ಈಶ್ವರಮ್ಮ ಸಿಟ್ಟಿನಿಂದ ಅವರನ್ನು ಹಿಂದೆ ಬಿಟ್ಟು ಮನೆಗೆ ನಡೆದರು. ಅಣೆಕಟ್ಟು ಎದ್ದಿತು. ಉದ್ಘಾಟನೆಯಲ್ಲಿ ‘ಪ್ರಥಮ ವಿರೋಧಿ’ಗಳಾದ ಅವರಿಬ್ಬರಿಗೂ ಶಾಲು ಹೊದಿಸಿ, ಅವರ ಕೈಯಿಂದಲೇ ಟೇಪು ಕತ್ತರಿಸಿಸಿ, ಅದೇ ವೇದಿಕೆಯಲ್ಲಿ ವಿರೋಧವನ್ನು ಸ್ವೀಕರಿಸಲಾಯಿತು. ಪರಿಹಾರವಾಗಿ, ಹರಿಯುವ ನೀರಿನಲ್ಲಿ ಮೀನುಗಳು ಒಂದೊಂದೇ ಮೆಟ್ಟಿಲು ನೆಗೆದು ಅಣೆಕಟ್ಟು ದಾಟಲೆಂದು, ಮೀನಿನ ಮೆಟ್ಟಿಲು ಮಂಜೂರಾಯಿತು.

ಮೆಟ್ಟಿಲು ಭದ್ರವಾಗಿತ್ತು. ಎರಡೂ ಕಡೆ ಸ್ಟೀಲಿನ ಕಂಬಿ, ನಡುವೆ ‘ಮೀನುಗಳಿಗೆ ಮಾತ್ರ’ ಎಂಬ ಬೋರ್ಡು. ನೀರು ಹರಿದರೆ ಕಾಲು ಜಾರೀತೆಂದು, ಸುರಕ್ಷತೆಯ ದೃಷ್ಟಿಯಿಂದ ಅದನ್ನು ಸದಾ ಒಣಗಿಸಿಡಲಾಗಿತ್ತು.

ಮಳೆ ಬಂತು. ಮೀನುಗಳೂ ಬಂದವು. ಹಾರಿ ಹಾರಿ ಗೋಡೆಗೆ ಮೂತಿ ಬಡಿದುಕೊಂಡು ಹಿಂದಕ್ಕೆ ಬಿದ್ದವು. ವಾದಿರಾಜರು ಕೊಡೆ ಹಿಡಿದು ದಡದಲ್ಲೇ ನಿಂತಿದ್ದರು.

“ನೋಡ್ತಾ ನಿಂತ್ರೆ ಆಯ್ತದಾ?” ಈಶ್ವರಮ್ಮ ಸೆರಗು ಸಿಕ್ಕಿಸಿ ಬಕೆಟ್ ಹಿಡಿದು ನೀರಿಗಿಳಿದರು. ವಾದಿರಾಜರು ಕೊಡೆ ಬಿಸಾಡಿ, ಪಂಚೆ ಎತ್ತಿ ಕಟ್ಟಿ, ಮೀನು ತುಂಬಿದ ಬಕೆಟ್ ಹೊತ್ತು ಮೆಟ್ಟಿಲು ಹತ್ತಿದರು. ಪೀಣ್ಯದ ಕಾರ್ಖಾನೆಗಳಿಂದ ಶಿಫ್ಟ್ ಮುಗಿಸಿ ಬರುತ್ತಿದ್ದವರು ಊಟದ ಡಬ್ಬಿಗಳಲ್ಲೇ ಮೀನು ಸಾಗಿಸತೊಡಗಿದರು.

ಚನ್ನವೀರಪ್ಪ ಓಡಿಬಂದರು. “ಸಾರ್, ಇದು ಮೀನುಗಳಿಗೆ ಮಾತ್ರ!”

“ಮೀನೇ ಕಣ್ರೀ ಹೋಗ್ತಿರೋದು. ನಾವು ಬರೀ ಜೊತೆಗೆ,” ಎಂದರು ವಾದಿರಾಜರು.

ಇಂಜಿನಿಯರ್ ಗಂಭೀರವಾಗಿ ಯೋಚಿಸಿದರು. “ಹಾಗಾದ್ರೆ ಹತ್ತೋವಾಗ ಎಡಗಡೆ ಇರಿ,” ಎಂದು ತಾವೂ ಒಂದು ಬಕೆಟ್ ಎತ್ತಿಕೊಂಡರು.

ಮರುದಿನ ಪ್ರಕಟಣೆ ಹೊರಬಿತ್ತು: ‘ಮೀನುಗಳು ಮೆಟ್ಟಿಲು ಬಳಸುವುದನ್ನು ರೂಢಿಸಿಕೊಂಡಿವೆ.’ ಇದನ್ನು ಯಾರೂ ಅಲ್ಲಗಳೆಯಲಿಲ್ಲ. ಈಗ ಮೊದಲ ಮಳೆಗೆ ಜನ ತಾವಾಗಿಯೇ ಬಕೆಟ್ ಹಿಡಿದು ಸಾಲು ನಿಲ್ಲುತ್ತಾರೆ. ಬಸುರಿ ಮೀನುಗಳಿಗೆ ಅಷ್ಟೊಂದು ಮೆಟ್ಟಿಲು ಹತ್ತುವುದು ಕಷ್ಟವೆಂದು, ಮೊಣಕಾಲು ಒತ್ತಿಕೊಳ್ಳುತ್ತ ವಾದಿರಾಜರು ಒಂದು ಲಿಫ್ಟ್ ಕೇಳಿದ್ದಾರೆ. ಇಲಾಖೆ ತಾತ್ವಿಕವಾಗಿ ಒಪ್ಪಿದೆ.