ಪ್ರತಿ ಗ್ರಹಕ್ಕೂ ಒಂದು ಸ್ಟಾಪು

"ಇಪ್ಪತ್ತು ವರ್ಷ ಬಸ್ಸು ಓಡಿಸಿದೋನು ನಾನು. ಈ ಆಟದ ಹಡಗು ಯಾವ ಲೆಕ್ಕ?" ಎಂದು ಡ್ರೈವರು ಮಗಳ ಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತರು.

ಮಗಳು ಮಾತು ಕಡಿಮೆಯ ಹುಡುಗಿ. ಇದ್ದ ಒಬ್ಬಳೇ ಗೆಳತಿ ಹೋದ ವರ್ಷ ಇದೇ ಬೀದಿಯಿಂದ ದೂರದ ಊರಿಗೆ ಹೊರಟುಹೋಗಿದ್ದಳು. ಈಗ ಇಬ್ಬರೂ ಸೇರುವುದು ಕಂಪ್ಯೂಟರಿನೊಳಗಿನ ಬಾಹ್ಯಾಕಾಶದಲ್ಲಿ. ಅಲ್ಲಿ ಹೋದಷ್ಟೂ ಹೊಸ ಗ್ರಹಗಳು ಹುಟ್ಟಿಕೊಳ್ಳುತ್ತವೆ, ಒಂದರಂತೆ ಇನ್ನೊಂದಿಲ್ಲ. ಗೆಳತಿ ಅಂಥದ್ದೊಂದರಲ್ಲಿ ಮನೆ ಕಟ್ಟಿ, "ಇವತ್ತು ಸಂಜೆ ಬಂದುಬಿಡು. ನಾಳೆಯಿಂದ ಪರೀಕ್ಷೆ ಮುಗಿಯೋವರೆಗೂ ನನಗೆ ಆಟ ಬಂದ್" ಎಂದಿದ್ದಳು. ಹಡಗು ಅರ್ಧ ದಾರಿಯಲ್ಲಿದ್ದಾಗ ಮಗಳ ದವಡೆ ಊದಿತು. ಅಜ್ಜಿ ಅವಳನ್ನು ಹಲ್ಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೊರಟರು.

"ಅಪ್ಪಾ, ಈ ಗುಂಡಿ ಒತ್ತಿ ಹಿಡ್ಕೊಂಡಿರು, ನೇರ ಹೋಗುತ್ತೆ. ಪಕ್ಕದ್ದು ಒತ್ತಿದ್ರೆ ಇಳಿದುಬಿಡುತ್ತೆ. ಮತ್ತೆ ಮೇಲೇಳೋಕೆ ತುಂಬಾ ಇಂಧನ ಬೇಕು."

"ನನಗೇ ಡ್ರೈವಿಂಗ್ ಹೇಳ್ಕೊಡ್ತೀಯಾ?"

ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಆದರೆ ಹೆಂಡತಿ ಬಂದು ಬೆನ್ನ ಹಿಂದೆ ನಿಂತರು. ಅವರು ಅದೇ ಬಸ್ಸಿನ ಕಂಡಕ್ಟರು.

ನೇರಳೆ ಬಣ್ಣದ ಗ್ರಹವೊಂದು ಎದುರಾಯಿತು. ಡ್ರೈವರ ಕಾಲು ಮೇಜಿನ ಕೆಳಗೆ ತಾನೇ ಬ್ರೇಕು ಹುಡುಕಿತು.

"ರೀ, ನಿಲ್ಸಿ. ಯಾರೋ ಕೈ ಎತ್ತಿದ್ರು."

"ಅದು ಕೈಯಲ್ಲ ಕಣೇ, ಕೊಂಬು."

"ಕೊಂಬಿರೋರು ನಮ್ಮ ಬಸ್ಸಿಗೆ ದಿನಾ ಹತ್ತಲ್ವಾ?"

ಡ್ರೈವರು ಪಕ್ಕದ ಗುಂಡಿ ಒತ್ತಿದರು, ಹಡಗು ಇಳಿಯಿತು. ಕೊಂಬಿನವರು ಹತ್ತಲಿಲ್ಲ. ಕಂಡಕ್ಟರು ಕುರ್ಚಿಯ ಬೆನ್ನಿಗೆ ಎರಡು ಸಲ ಬಡಿದು, "ರೈಟ್, ರೈಟ್" ಎಂದರು. ಮುಂದಿನದು ಹಸಿರು ಹಿಮದ ಗ್ರಹ.

"ಇಲ್ಲಿ ನರಪಿಳ್ಳೆಯೂ ಇಲ್ವಲ್ಲೇ."

"ಒಂದು ನಿಮಿಷ ನಿಲ್ಸಿ ಹೊರಡಿ. ಇಲ್ಲಾಂದ್ರೆ ನಾಳೆ ದೂರು ಬರುತ್ತೆ."

ಹೀಗೆ ನಿಂತು ನಿಂತು, ಕೆಂಪು ಮರಳಿನ ಗ್ರಹವೊಂದರಲ್ಲಿ ಹಡಗು ಮೇಲೇಳಲೇ ಇಲ್ಲ.

"ಇಳಿದು ತಳ್ಳೋಣ್ವಾ?" ಎಂದು ಕಂಡಕ್ಟರು ಕೇಳುವ ಹೊತ್ತಿಗೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಬಾಯಲ್ಲಿ ಹತ್ತಿ. ಬೈಯಲೂ ಆಗದೆ ಪರದೆ ನೋಡಿದಳು, ಕಣ್ಣು ತುಂಬಿಕೊಂಡಿತು. ಡ್ರೈವರಿಗೆ ಬಸ್ಸೇ ಕೆರೆಗೆ ಇಳಿದಂತಾಯಿತು.

"ಮೊದಲನೇದು ನನ್ನ ಕಾಲಿನ ತಪ್ಪು ಕಂದಾ. ಮಿಕ್ಕಿದ್ದೆಲ್ಲ ನಿಮ್ಮಮ್ಮ."

"ಓಹೋ, ಸ್ಟೇರಿಂಗ್ ಯಾರ ಕೈಲಿತ್ತಂತೆ?"

ಮಗಳು ಇಬ್ಬರನ್ನೂ ಸರಿಸಿ ಗೆಳತಿಗೆ ನಡೆದದ್ದನ್ನೆಲ್ಲ ಟೈಪು ಮಾಡಿದಳು. ಅರ್ಧ ಗಂಟೆಯಲ್ಲಿ ಕೆಂಪು ಮರಳಿನ ಮೇಲೆ ಪುಟ್ಟ ಹಡಗೊಂದು ಇಳಿಯಿತು. ಸ್ಪೀಕರಿನಲ್ಲಿ ಗೆಳತಿಯ ದನಿ: "ನಾನೇ ಬಂದೆ ಕಣೇ. ಮನೆ ಎಲ್ಲೂ ಓಡಿಹೋಗಲ್ಲ, ಇವತ್ತು ಇಲ್ಲೇ ಸುತ್ತೋಣ."

ಮಗಳ ಊದಿರದ ಅರ್ಧ ಮುಖ ನಕ್ಕಿತು. ಡ್ರೈವರಿಗೆ ಹೋದ ಜೀವ ಬಂತು. ಮೈಕಿಗೆ ಬಾಗಿ, "ನಿನಗೆ ಸುಮ್ನೆ ತೊಂದರೆ ಆಯ್ತಮ್ಮ" ಎಂದರು.

"ಪರವಾಗಿಲ್ಲ ಅಂಕಲ್. ಆದ್ರೆ ಒಂದು ಕೇಳ್ಲಾ? ನಮ್ಮ ಬೀದೀಲಿ ನಾನು ದಿನಾ ಎರಡೂ ಕೈ ಎತ್ತಿ ಕುಣಿದ್ರೂ ನಿಮ್ಮ ಬಸ್ಸು ನಿಲ್ತಾನೇ ಇರ್ಲಿಲ್ವಲ್ಲ?"

ಡ್ರೈವರು ಕಂಡಕ್ಟರ ಮುಖ ನೋಡಿದರು. ಕಂಡಕ್ಟರು ಕಿಟಕಿಯ ಆಚೆ ನೋಡಿದರು.