ಮೂರನೆಯ ಕೂಗಿಗೆ ಓಗೊಡುವವರು

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ನಾನು ಕೂಗಿದೆ; ನನ್ನ ಗಂಡ ಓಗೊಡಲಿಲ್ಲ.

ಇದರಲ್ಲೇನು ವಿಶೇಷ, ಯಾರ ಗಂಡ ತಾನೇ ಮೊದಲ ಕೂಗಿಗೆ ಓಗೊಡುತ್ತಾನೆ ಎಂದು ನೀವು ನಗಬಹುದು. ನಗಿ. ಇಪ್ಪತ್ತು ವರ್ಷ ನಾನೂ ನಕ್ಕಿದ್ದೇನೆ. ಆದರೆ ನಿಮ್ಮ ಮನೆಯವರು ಸೋಮಾರಿತನಕ್ಕೆ ಸುಮ್ಮನಿರುವವರು. ನಮ್ಮವರು ಸುಮ್ಮನಿರುವುದು ತತ್ವಕ್ಕಾಗಿ!

ಅವರು ಹುಟ್ಟಿದ್ದು ಕಾನಸೂರಿನ ಆಚೆ, ಕಾಡಿಗೆ ತಾಗಿದ ಮನೆಯಲ್ಲಿ. ಅಲ್ಲಿ ಅವರ ಅಮ್ಮಮ್ಮ ಮೊಮ್ಮಕ್ಕಳಿಗೆಲ್ಲ ಒಂದು ಮಾತು ಹೇಳಿಕೊಟ್ಟಿದ್ದರಂತೆ: ಮುಸ್ಸಂಜೆಗೆ ಯಾರಾದರೂ ಹೊರಗಿನಿಂದ ಕರೆದರೆ ಮೂರನೆಯ ಕೂಗಿನವರೆಗೆ ಓ ಎನ್ನಬಾರದು. ಕಾಡಿನಲ್ಲಿರುವ ‘ಅದು’ ನಮ್ಮವರದೇ ದನಿಯಲ್ಲಿ ಕರೆಯುತ್ತದೆ, ಆದರೆ ಎರಡೇ ಸಲ. ಮೂರನೆಯದು ಅದಕ್ಕೆ ಬಾರದು. ನಮ್ಮ ಕಡೆ ಇದನ್ನು ಕೇಳದೆ ಬೆಳೆದವರು ಕಡಿಮೆ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಎಲ್ಲರೂ ಮರೆತರು. ಇವರು ಮರೆಯಲಿಲ್ಲ. ಮುಸ್ಸಂಜೆಯ ನಿಯಮವನ್ನು ಇಡೀ ದಿನಕ್ಕೂ ಕಾಡಿನ ನಿಯಮವನ್ನು ಶಿರಸಿ ಪೇಟೆಗೂ ವಿಸ್ತರಿಸಿದರು.

ಪೇಟೆಯಲ್ಲಿ ಇವರದು ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ಗಿರಾಕಿ ಒಂದು ಸಲ ಕರೆದರೆ ಕಣ್ಣಿಗೆ ಕಚ್ಚಿಕೊಂಡ ಭೂತಗನ್ನಡಿ ಅಲುಗುವುದಿಲ್ಲ. ಎರಡನೆಯ ಸಲಕ್ಕೆ ಹುಬ್ಬು ಏರುತ್ತದೆ. ಮೂರನೆಯದಕ್ಕೆ ಮುಖ ಅರಳುತ್ತದೆ. ಬಂದವನು ಮನುಷ್ಯನೇ ಎಂದು ಖಾತ್ರಿಯಾದ ಸಂತೋಷ! ಯಲ್ಲಾಪುರದಲ್ಲಿರುವ ನನ್ನ ತಾಯಿ ಅಳಿಯನಿಗೆ ಫೋನು ಮಾಡುವುದಿದ್ದರೆ ಎರಡು ಸಲ ಮಾಡಿ ಇಟ್ಟು, ಒಲೆಯ ಮೇಲಿನ ಸಾರು ಇಳಿಸಿ ಬಂದು, ಮೂರನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಒಮ್ಮೆ ಇವರು ಜ್ವರವೆಂದು ಡಾಕ್ಟರ ಬಳಿ ಹೋದರು. ಅಲ್ಲಿ ಎರಡು ಸಲ ಹೆಸರು ಹಿಡಿದು ಕರೆದು ಮುಂದಿನವರನ್ನು ಒಳಗೆ ಬಿಟ್ಟರು. ಇವರು ಬೆಂಚಿನ ಮೇಲೆ ಕೂತೇ ಇದ್ದರು. ಬಾಗಿಲು ಹಾಕುವ ಹೊತ್ತಿಗೆ ಕಾದು ಕಾದು ಜ್ವರಕ್ಕೇ ಬೇಸರ ಬಂದು ಬಿಟ್ಟು ಹೋಗಿತ್ತು!

ನಾನು ಸಸ್ಯಶಾಸ್ತ್ರದಲ್ಲಿ ಪದವಿ ಪಡೆದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಇಪ್ಪತ್ತು ವರ್ಷ ಒಬ್ಬರ ಜೊತೆ ಬಾಳಿದರೆ ಅವರ ಚಹಾದ ಸಕ್ಕರೆಯ ಅಳತೆಯಂತೆ ಅವರ ದೆವ್ವವೂ ನಮಗೆ ರೂಢಿಯಾಗಿಬಿಡುತ್ತದೆ.

ಮದುವೆಯಾಗಿ ಇಪ್ಪತ್ತು ತುಂಬಿತೆಂದು ಹೋದ ಜನವರಿಯಲ್ಲಿ ಅಂಡಮಾನಿಗೆ ಹೋದೆವು. ಹೋಗೋಣ ಎಂದು ನಾನು ಎಷ್ಟು ಸಲ ಹೇಳಬೇಕಾಯಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲವಷ್ಟೆ. ಅಲ್ಲಿ ಐದೂಕಾಲಿಗೆಲ್ಲ ಹೊತ್ತು ಮುಳುಗುವುದನ್ನು ಕಂಡು ಗಡಿಯಾರದವರಿಗೆ ಸಂಕಟವೋ ಸಂಕಟ. “ಇಲ್ಲಿ ಸೂರ್ಯನೇ ಒಂದು ತಾಸು ಮುಂದೆ ಇದ್ದ” ಎಂದರು. ಬಿಚ್ಚಿ ನೋಡಲು ಕೈಗೆ ಸಿಗುವುದಿಲ್ಲವಲ್ಲ ಎಂಬ ಕೊರಗು ಮುಖದಲ್ಲಿತ್ತು.

ಮೂರನೆಯ ದಿನ ದೋಣಿಯವನೊಬ್ಬ ನಮ್ಮಿಬ್ಬರನ್ನೇ ಒಂದು ಚಿಕ್ಕ ದ್ವೀಪಕ್ಕೆ ಕರೆದೊಯ್ದ. ಎದುರಿಗೆ ಇನ್ನೂ ಚಿಕ್ಕದೊಂದು ದ್ವೀಪ. ನಡುವೆ ಮರಳಿನ ದಾರಿ. ಉಬ್ಬರ ಬಂದರೆ ದಾರಿ ಮುಳುಗುತ್ತದೆ, ನಾಲ್ಕಕ್ಕೆ ದೋಣಿಯ ಹತ್ತಿರ ಇರಬೇಕು ಎಂದು ಆತ ಹಿಂದಿಯಲ್ಲಿ ಎರಡು ಸಲ ಹೇಳಿದ. ಎರಡೇ ಸಲ. ಅನಾಹುತದ ಬೀಜ ಅಲ್ಲೇ ಬಿದ್ದಿತ್ತು ನೋಡಿ!

ಆಚೆ ದ್ವೀಪದ ಅಂಚಿಗೆ ಕಾಂಡ್ಲಾ ಗಿಡಗಳ ಗುಂಪು. ಉಪ್ಪುನೀರಿನಲ್ಲೇ ನಿಂತು, ಬೇರುಗಳನ್ನು ಬೆರಳುಗಳಂತೆ ಹೊರಗೆ ಚಾಚುವ ಜಾತಿ. ಅವುಗಳ ನಡುವೆ ಅಡಿಕೆಯಂಥದೊಂದು ಮರ ಇವರ ಕಣ್ಣಿಗೆ ಬಿತ್ತು. ಅದು ಅಡಿಕೆಯಲ್ಲ ಎಂದು ನಾನು ಹೇಳಿದೆ. ಕಾನಸೂರಿನವರು ಅಡಿಕೆಯ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವುದುಂಟೆ? “ಒಂದ್ ಗಳಿಗೆ, ನೋಡ್ಕಂಡು ಬತ್ತೆ” ಎಂದು ಎಲೆಯಡಿಕೆ ಕವಳದ ಸಂಚಿಯನ್ನು ನನ್ನ ಕೈಗಿಟ್ಟು ಹೋದರು.

ನಾಲ್ಕು ದಾಟಿತು. ದೋಣಿಯವನು ದೂರದಿಂದ ಕೈ ಬೀಸತೊಡಗಿದ. ನಾನು ಮರಳಿನ ದಾರಿಯ ನಡುವೆ ನಿಂತು “ಹೋಯ್” ಎಂದೆ. ಅದೇ ನಾಲ್ಕು ಹನ್ನೆರಡು. ಸ್ವಲ್ಪ ಬಿಟ್ಟು ಎರಡನೆಯ ಸಲ ಕೂಗಿದೆ. ನೀರು ಪಾದದ ಮೇಲೆ ಹರಿಯಿತು. ಇರಲಿ, ಮೂರನೆಯದಕ್ಕೆ ಬಂದೇ ಬರುತ್ತಾರೆ ಎಂದು ಬಾಯಿ ತೆರೆಯುವಷ್ಟರಲ್ಲಿ ಕಾಂಡ್ಲಾದ ಒಳಗಿನಿಂದ ಅವರ ದನಿ ಬಂತು.

“ಏ ಇವಳೇ.”

ದನಿ ಅವರದೇ. ಆದರೆ ಅವರು ಕರೆಯುವ ರೀತಿ ಅದಲ್ಲ. ಅವರು ಕರೆದರೆ ಗಡಿಯಾರ ಮೂರು ಹೊಡೆದಂತೆ ಒಂದರ ಹಿಂದೊಂದು ಮೂರು ಬೀಳುತ್ತವೆ. ನಾನು ಕಾದೆ. ಹಕ್ಕಿಗಳ ಸದ್ದು ಯಾವಾಗಲೋ ನಿಂತಿತ್ತು. ಬೆಳಕು ಹಳದಿಯಾಗಿ ತೆಳ್ಳಗಾಗುತ್ತಿತ್ತು. ಸಣ್ಣ ಏಡಿಗಳು ನೀರಿನೊಳಗೆ ಏನನ್ನೋ ಕಂಡವರಂತೆ ಸಾಲುಗಟ್ಟಿ ಬೇರು ಹತ್ತುತ್ತಿದ್ದವು. ಆಗ ಎರಡನೆಯ ಸಲ ಕೇಳಿತು. ಅದೇ ದನಿ, ಅದೇ ಮಾತು. ಈ ಸಲ ಕಾಂಡ್ಲಾದ ಕಡೆಯಿಂದಲ್ಲ, ನನ್ನ ಎಡಗಿವಿಯ ಪಕ್ಕದಿಂದ. ಎಡಕ್ಕೆ ಸಮುದ್ರದ ಹೊರತು ಏನೂ ಇರಲಿಲ್ಲ.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ನಿಂತಲ್ಲೇ ನಿಂತೆ. ಪದವಿ ಪಡೆದ ಹೆಂಗಸು, ಮೀನಖಂಡದವರೆಗಿನ ನೀರಿನಲ್ಲಿ, ಕವಳದ ಸಂಚಿಯನ್ನು ಎದೆಗೆ ಒತ್ತಿಕೊಂಡು, ಮೂರನೆಯ ಕೂಗಿಗೆ ಕಾಯುತ್ತಿದ್ದೆ! ನಾಲ್ಕು ಹದಿನೈದು. ನಾಲ್ಕು ಹದಿನಾರು. ಗಂಡ ಸರಿಮಾಡಿ ಕೊಟ್ಟ ವಾಚು, ಒಂದು ಸೆಕೆಂಡೂ ತಪ್ಪುವುದಿಲ್ಲ. ಮೂರನೆಯದು ಬರಲೇ ಇಲ್ಲ.

ಆಗ ಹೊಳೆಯಿತು. ಮೂರನೆಯ ಸಲ ಕೂಗಲಾಗದ್ದು ‘ಅದಕ್ಕೆ’ ಮಾತ್ರವಲ್ಲ. ಉಸಿರು ಸಾಲದ ಮನುಷ್ಯನಿಗೂ ಆಗುವುದಿಲ್ಲ.

ಹೇಗೆ ಓಡಿದೆನೋ ಇವತ್ತಿಗೂ ನೆನಪಿಲ್ಲ. ಇವರು ಕಾಂಡ್ಲಾದ ತಗ್ಗಿನಲ್ಲಿ ಬಿದ್ದಿದ್ದರು. ಪಾದ ಬೇರುಗಳ ಸಂದಿಯಲ್ಲಿ ಸಿಕ್ಕಿಕೊಂಡು ಏಳಲಾಗದೆ, ಗದ್ದದವರೆಗೆ ನೀರು; ಅಲೆ ಬಂದಾಗಲೆಲ್ಲ ಬಾಯಿ ಮುಚ್ಚಿ ಹೋಗುತ್ತಿತ್ತು. ನಾನು ತಲೆ ಎತ್ತಿ ಹಿಡಿದು ಕಿರುಚಿದೆ. ಮೂರು ಸಲ ಅಲ್ಲ, ಮೂವತ್ತು ಸಲ. ದೋಣಿಯವನು ಕತ್ತಿ ಹಿಡಿದು ಓಡಿ ಬಂದು ಬೇರು ಕಡಿದ. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಎಂದು ಶುರುಮಾಡಿ, ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ನಾನು ನಿಂತು ಕಾದದ್ದನ್ನು ಅವನು ದೋಣಿಯಿಂದ ನೋಡಿದ್ದನೆಂದು ಕಾಣುತ್ತದೆ.

ದೋಣಿಯಲ್ಲಿ ಇವರು ಉಪ್ಪುನೀರು ಕಾರಿಕೊಂಡು ಸುಧಾರಿಸಿದರು. ನನ್ನ ಎರಡು ಕೂಗೂ ಕೇಳಿದ್ದವಂತೆ. ಮೂರನೆಯದಕ್ಕೆ ಕಾಯುತ್ತಿದ್ದರಂತೆ, ಕಾಲು ಸಿಕ್ಕಿಬಿದ್ದಿದ್ದಾಗಲೂ! ನೀರು ಗದ್ದಕ್ಕೆ ಬಂದ ಮೇಲೆ ತಾವೇ ಕರೆದರಂತೆ.

“ಒಂದೇ ಸಲ ಕರೆಯಲೆ ಆಗಿದ್ದು” ಎಂದರು. “ನೀ ಬತ್ತಿಲ್ಲೆ ಅಂದ್ಕಂಡಿದ್ದಿ ಆನು.”

ಅವರಿಗೆಂದು ಕವಳ ಕಟ್ಟುತ್ತಿದ್ದ ನನ್ನ ಕೈ ನಿಂತುಹೋಯಿತು. ಒಂದೇ ಸಲವಾದರೆ, ನನ್ನ ಕಿವಿಯ ಪಕ್ಕದಲ್ಲಿ ಕೇಳಿದ್ದು ಯಾರದು? ಎಲೆ ಮಡಿಸಿ ಕೊಟ್ಟೆ.

ಶಿರಸಿಗೆ ಬಂದ ಮೇಲೆ ಇವರು ಮೊದಲ ಕೂಗಿಗೇ ಓ ಎನ್ನತೊಡಗಿದರು. ನನಗೆ ಮಾತ್ರವಲ್ಲ, ಕುಕ್ಕರಿನ ಸೀಟಿಗೂ ಓ. ಪಕ್ಕದ ಮನೆಯವರು ಬೆಕ್ಕನ್ನು ಕರೆದರೂ ಓ. ಸಾಲ ಬೇಕೇ ಎಂದು ಫೋನು ಮಾಡುವವರ ಜೊತೆ ಅರ್ಧ ತಾಸು ಕುಶಲೋಪರಿ. ನನ್ನ ತಾಯಿಯಂತೂ ಮೊದಲ ಸಲಕ್ಕೇ ಅಳಿಯ ಎತ್ತಿದ್ದಕ್ಕೆ ಗಾಬರಿಬಿದ್ದು, ರಾಂಗ್ ನಂಬರ್ ಎಂದು ಇಟ್ಟುಬಿಟ್ಟರು!

ಆದರೆ ನಿದ್ದೆ ಮಾತ್ರ ಇಬ್ಬರಿಗೂ ಹತ್ತಲಿಲ್ಲ. ಅವರು ಎದ್ದೆದ್ದು ತಮ್ಮ ಪಾದ ಮುಟ್ಟಿ ನೋಡಿಕೊಳ್ಳುವರು. ನಾನು ಎಡಗಿವಿಯನ್ನು ದಿಂಬಿಗೆ ಒತ್ತಿ, ಅವರ ಉಸಿರು ಎಣಿಸುತ್ತ ಬಿದ್ದಿರುವೆ. ಹೀಗೇ ಎರಡು ತಿಂಗಳು ಕಳೆದವು.

ಮೊನ್ನೆ ಮಂಗಳವಾರ, ಸಂತೆಯಿಂದ ತಂದ ಬಸಳೆ ಸೋಸುತ್ತ ಕೂತವಳು ಇದ್ದಕ್ಕಿದ್ದಂತೆ ಹೇಳಿಬಿಟ್ಟೆ. ಅವತ್ತು ನನಗೆ ಕೇಳಿದ್ದು ಎರಡು ಸಲ. ಎರಡನೆಯದು ಕಿವಿಯ ಹತ್ತಿರದಲ್ಲೇ. ನಾನು ಹೆದರಿ ಮೂರನೆಯದಕ್ಕೆ ಕಾದು ನಿಂತಿದ್ದೆ. ಎಲ್ಲವನ್ನೂ ಹೇಳಿದೆ.

ಅವರು ಬಸಳೆಯ ಎಲೆಯೊಂದನ್ನು ಎತ್ತಿ, ನಿಂತುಹೋದ ಗಡಿಯಾರವನ್ನು ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಅದೂ ಆನೇ” ಎಂದರು ಕೊನೆಗೆ, ತಮ್ಮ ಎದೆ ಮುಟ್ಟಿಕೊಂಡು. “ಬಾಯಲ್ಲಿ ನೀರಿತ್ತು. ಆನು ಮನಸಲ್ಲಿ ಕರೆದಿದ್ದಿ.”

ಮೂರನೆಯದನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

“ಅಷ್ಟರಲ್ಲಿ ನೀ ಬಂದ್ಯಲೇ.”

ಆ ರಾತ್ರಿ ದೀಪ ಆರಿಸಿದ್ದಷ್ಟೇ ಗೊತ್ತು; ನಿದ್ದೆ ಯಾವಾಗ ಹತ್ತಿತೋ ಗೊತ್ತಿಲ್ಲ. ಬುಧವಾರ ಬೆಳಿಗ್ಗೆ ಹಾಲಿನ ಅಕ್ಕ ಗೇಟಿನ ಹತ್ತಿರ ನಿಂತು ಸರಿಯಾಗಿ ಮೂರು ಸಲ ಕೂಗಿದಳಂತೆ. ಇಬ್ಬರಲ್ಲಿ ಒಬ್ಬರೂ ಓಗೊಡಲಿಲ್ಲ.